ಬೇಸ್‌ಮೆಂಟಿನ ಗುಂಡಿಗೆ ಎಂಥ ಪಂಪ್ ಬೇಕು?

ಬೆಂಗಳೂರಿನ ಪಂಪಿನ ಅಂಗಡಿಗೆ ಹೋಗಿ "ಸಂಪಿಗೆ ಒಂದು ಪಂಪ್ ಕೊಡಿ" ಎಂದರೆ ಅವರು ತೆಗೆದಿಡುವುದು ನೆಲದಡಿಯ ತೊಟ್ಟಿಯಿಂದ ತಾರಸಿಯ ಟ್ಯಾಂಕಿಗೆ ನೀರೇರಿಸುವ ಪಂಪನ್ನು. ನಮ್ಮಲ್ಲಿ ಸಂಪ್ ಎಂದರೆ ಕಾವೇರಿ ನೀರನ್ನೋ ಟ್ಯಾಂಕರ್ ನೀರನ್ನೋ ತುಂಬಿಸಿಡುವ ತೊಟ್ಟಿ. ಬೇಸ್‌ಮೆಂಟಿನ ಮೂಲೆಯಲ್ಲಿ ಮಳೆನೀರು ಮತ್ತು ಒಸರು ನೀರು ಬಂದು ಸೇರುವ ಗುಂಡಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಈ ಹೆಸರಿನ ಗೊಂದಲಕ್ಕೆ ತೆರುವ ಬೆಲೆ ಸಣ್ಣದಲ್ಲ. ತಿಳಿನೀರಿಗೆಂದು ಮಾಡಿದ ಓಪನ್‌ವೆಲ್ ಪಂಪನ್ನು ಕೆಸರಿನ ಗುಂಡಿಗೆ ಇಳಿಸಿದ ಕಟ್ಟಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲ ಎರಡು ಮಳೆ ಹೇಗೋ ಕಳೆಯುತ್ತದೆ. ಮೂರನೆಯದಕ್ಕೆ ಅದರ ಜಾಲರಿಗೆ ಎಲೆ, ಪ್ಲಾಸ್ಟಿಕ್, ಹೂಳು ಕಟ್ಟಿಕೊಂಡು ಮೋಟಾರ್ ಗುಂಯ್‌ಗುಡುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ.

ನಾವಿರುವ ಅಪಾರ್ಟ್‌ಮೆಂಟಿನ ನಿರ್ವಹಣಾ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ಒಂದು ಮೇ ತಿಂಗಳ ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ, ಕಾವಲುಗಾರರು ಬಂದು ಬಾಗಿಲು ಬಡಿದರು. "ಸಾರ್, ಕೆಳಗೆ ನೀರು ಏರುತ್ತಿದೆ, ಮೋಟಾರ್ ಓಡುತ್ತಿಲ್ಲ." ಪಂಪ್ ಹಿಂದಿನ ವರ್ಷವಷ್ಟೇ ಕೊಂಡದ್ದು. ಮೊದಲು ಮೇಲಿನ ಪ್ಯಾನೆಲ್‌ನಲ್ಲಿ ಬೇಸ್‌ಮೆಂಟಿನ ಕರೆಂಟ್ ತೆಗೆಸಿ, ಆಮೇಲೆ ಟಾರ್ಚ್ ಬಿಟ್ಟು ಗುಂಡಿಯೊಳಗೆ ನೋಡಿದೆವು. ನೀರು ಏರಿದಂತೆ ತೇಲಿ ಮೇಲೆ ಬಂದು ಪಂಪನ್ನು ಶುರು ಮಾಡಬೇಕಿದ್ದ ಫ್ಲೋಟ್, ಪಂಪಿನ ಪೈಪಿಗೂ ಗುಂಡಿಯ ಗೋಡೆಗೂ ನಡುವೆ ಸಿಕ್ಕಿಕೊಂಡು ತಲೆಕೆಳಗಾಗಿ ನಿಂತಿತ್ತು. ಒಣಗಿದ ಬಿದಿರು ಗಳದಿಂದ ಅದನ್ನು ಬಿಡಿಸಿ, ಮೇಲೆ ಹೋಗಿ ಸ್ವಿಚ್ ಹಾಕಿದೊಡನೆ ಪಂಪ್ ಓಡತೊಡಗಿತು. ಮೋಟಾರಿನಲ್ಲಿ ಒಂದಿಷ್ಟೂ ದೋಷವಿರಲಿಲ್ಲ.

ಆ ರಾತ್ರಿಯಿಂದೀಚೆಗೆ ಯಾರಾದರೂ "ಯಾವ ಕಂಪನಿಯ ಪಂಪ್ ಒಳ್ಳೆಯದು? ಎಷ್ಟು ಎಚ್‌ಪಿ ಹಾಕಿಸಲಿ?" ಎಂದು ಕೇಳಿದರೆ ನಾನು ಗುಂಡಿ ತೋರಿಸಿ ಎನ್ನುತ್ತೇನೆ. ಬೇಸ್‌ಮೆಂಟಿನ ಪಂಪ್ ಕೈಕೊಡುವುದು ಹೆಚ್ಚಾಗಿ ಅದರ ಮೋಟಾರಿನಿಂದ ಅಲ್ಲ. ಅದರ ಫ್ಲೋಟ್, ವಾಲ್ವ್, ಪೈಪು, ಕರೆಂಟು, ಅದು ಕುಳಿತ ಗುಂಡಿ ಇವುಗಳಲ್ಲಿ ಯಾವುದೋ ಒಂದರಿಂದ. ಆದ್ದರಿಂದ ಆರಿಸಬೇಕಾದದ್ದು ಬರೀ ಪಂಪನ್ನಲ್ಲ, ಇಡೀ ಏರ್ಪಾಟನ್ನು.

ನೀರು ಎಲ್ಲಿಂದ ಬರುತ್ತಿದೆ?

ಬೇಸ್‌ಮೆಂಟಿಗೆ ನೀರು ಬರುವುದು ಮೂರು ದಾರಿಯಲ್ಲಿ. ಆಕಾಶದಿಂದ ನೇರವಾಗಿ ರ್‍ಯಾಂಪಿನ ಮೇಲೆ ಬಿದ್ದು ಇಳಿಯುವುದು ಒಂದು. ನೆಲದೊಳಗಿಂದ ಗೋಡೆ, ತಳಗಳ ಸಂದಿಯಲ್ಲಿ ಒಸರುವುದು ಇನ್ನೊಂದು. ರಸ್ತೆಯೇ ಹೊಳೆಯಾಗಿ ಗೇಟು ದಾಟಿ ನುಗ್ಗುವುದು ಮೂರನೆಯದು. ಮೊದಲೆರಡಕ್ಕೆ ಪಂಪ್ ಇದೆ, ಮೂರನೆಯದಕ್ಕೆ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ದುಡ್ಡೂ ಉಳಿಯುತ್ತದೆ, ಆತಂಕವೂ ಕಡಿಮೆಯಾಗುತ್ತದೆ.

ಯಾಕೆಂದು ಲೆಕ್ಕ ಹಾಕಿ ನೋಡಿ. 20 ಮೀಟರ್ ಅಗಲ, 30 ಮೀಟರ್ ಉದ್ದದ ಬೇಸ್‌ಮೆಂಟಿನಲ್ಲಿ ಒಂದಡಿ, ಅಂದರೆ 30 ಸೆಂ.ಮೀ. ನೀರು ನಿಂತರೆ ಅದು 1,80,000 ಲೀಟರ್. ನಮ್ಮ ಊರಿನ 12,000 ಲೀಟರಿನ ಟ್ಯಾಂಕರುಗಳಲ್ಲಿ ಹದಿನೈದು. ನಿಮಿಷಕ್ಕೆ 200 ಲೀಟರ್ ಎತ್ತುವ ಪಂಪ್ ಅದನ್ನು ಖಾಲಿ ಮಾಡಲು ಹದಿನೈದು ಗಂಟೆ ಬೇಕು, ಅದೂ ಹೊಸ ನೀರು ಬರುವುದು ನಿಂತ ಮೇಲೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ. ದಾಟಿ ಮಳೆ ಸುರಿದಾಗ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಆದದ್ದು ಈ ಮೂರನೆಯ ಬಗೆ. ಅಂಥ ನೀರಿಗೆ ತಡೆ ಬೇಕಾದದ್ದು ಗೇಟಿನಲ್ಲಿ: ರ್‍ಯಾಂಪ್ ಶುರುವಾಗುವಲ್ಲಿ ರಸ್ತೆಗಿಂತ ಎತ್ತರದ ಉಬ್ಬು, ಅದರ ಮುಂದೆ ಅಡ್ಡಡ್ಡಲಾಗಿ ಗ್ರೇಟಿಂಗ್ ಹಾಕಿದ ಚರಂಡಿ, ಬೇಕೆಂದಾಗ ಸಿಕ್ಕಿಸಬಹುದಾದ ತಡೆಹಲಗೆ. ತಾರಸಿಯ ಮಳೆನೀರಿನ ಕೊಳವೆಯನ್ನು ರ್‍ಯಾಂಪಿನ ಕಡೆಗೆ ಬಿಟ್ಟಿದ್ದರೆ ಇಂದೇ ತಿರುಗಿಸಿ. ಆ ನೀರು ಇಂಗುಗುಂಡಿಗೋ ಸಂಗ್ರಹದ ತೊಟ್ಟಿಗೋ ಹೋಗಬೇಕಾದದ್ದು.

ಒಸರು ನೀರಿನ ಮಾತೇ ಬೇರೆ. ಬೆಂಗಳೂರು ಕೆರೆಗಳ ಮೇಲೆ ಬೆಳೆದ ಊರು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆ ಹೋದರೂ ನೆಲದ ಇಳಿಜಾರು ಹೋಗಿಲ್ಲ. ನೀರು ಹಳೆಯ ದಾರಿಯಲ್ಲೇ ಹರಿದು ಬರುತ್ತದೆ, ಕೆಳಗೆ ಗಟ್ಟಿ ಬಂಡೆ ಸಿಕ್ಕಲ್ಲಿ ಅದರ ಮೇಲೆಯೇ ನಿಲ್ಲುತ್ತದೆ. ಅಂಥ ಕಡೆ ಹತ್ತಡಿ ಅಗೆದು ಬೇಸ್‌ಮೆಂಟ್ ಕಟ್ಟಿದರೆ ಮಳೆ ನಿಂತು ವಾರವಾದರೂ ಗುಂಡಿ ತುಂಬುತ್ತಲೇ ಇರುತ್ತದೆ. ಮಂಗಳೂರಿನ ಕಡೆ ಮುರಕಲ್ಲಿನ ನೆಲ. ಅದು ತೂತುತೂತಾದ ಕಲ್ಲು, ಜತೆಗೆ ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂಪಿಗೆ ಬಿಡುವೇ ಇಲ್ಲ. ಬೆಂಗಳೂರಿನ ಪಂಪ್ ಒಂದು ಗಂಟೆಯ ಆರ್ಭಟಕ್ಕೆ ಸಿದ್ಧವಿರಬೇಕು, ಮಂಗಳೂರಿನದು ನಾಲ್ಕು ತಿಂಗಳ ದುಡಿಮೆಗೆ.

ಒಸರು ಎಷ್ಟೆಂದು ಅಳೆಯುವುದು ಸುಲಭ. ಜೋರು ಮಳೆ ಬಂದ ಮರುದಿನ ಗುಂಡಿಯ ನೀರನ್ನು ಪಂಪಿನಿಂದ ತಗ್ಗಿಸಿ, ಪಂಪ್ ನಿಲ್ಲಿಸಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಗಡಿಯಾರ ನೋಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗುಂಡಿಯಲ್ಲಿ ನೀರು 10 ಸೆಂ.ಮೀ. ಏರಿದರೆ 100 ಲೀಟರ್ ಬಂದಂತೆ. ಅದಕ್ಕೆ ನಾಲ್ಕು ನಿಮಿಷ ಹಿಡಿದರೆ ಒಸರು ನಿಮಿಷಕ್ಕೆ 25 ಲೀಟರ್. ಮಳೆಯ ಲೆಕ್ಕ ಇನ್ನೂ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 5 ಮೀಟರ್ ಅಗಲ, 18 ಮೀಟರ್ ಉದ್ದದ ತೆರೆದ ರ್‍ಯಾಂಪ್ 90 ಚದರ ಮೀಟರ್. ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 90 ಲೀಟರ್. ಒಸರೂ ಸೇರಿ 115. ಗೋಡೆಗೆ ಬಡಿದು ಇಳಿಯುವ ನೀರು, ನಡುವೆ ಹತ್ತು ನಿಮಿಷ ಇನ್ನೂ ಜೋರಾಗಿ ಬರುವ ಮಳೆ ಇವಕ್ಕೆಂದು ಧಾರಾಳವಾಗಿ ಸೇರಿಸಿ 200 ಎಂದಿಟ್ಟುಕೊಳ್ಳೋಣ.

ಎಚ್‌ಪಿ ಬಿಡಿ, ಹೆಡ್ ಕೇಳಿ

ಹೆಡ್ ಎಂದರೆ ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು ಎಂಬುದರ ಅಳತೆ, ಮೀಟರಿನಲ್ಲಿ. ಪಂಪಿನ ಮೈಮೇಲಿನ ತಗಡಿನ ಫಲಕದಲ್ಲಿ ಎರಡು ಅಂಕಿಗಳಿರುತ್ತವೆ. ಗರಿಷ್ಠ ಹೆಡ್ 12 ಮೀಟರ್, ಗರಿಷ್ಠ ಹರಿವು ನಿಮಿಷಕ್ಕೆ 300 ಲೀಟರ್ ಎಂದು ಬರೆದಿದೆ ಅನ್ನಿ. ಓದಿದವರು 12 ಮೀಟರ್ ಎತ್ತರಕ್ಕೆ 300 ಲೀಟರ್ ಹೋಗುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. 12 ಮೀಟರಿನಲ್ಲಿ ಆ ಪಂಪ್ ಕೊಡುವುದು ಸೊನ್ನೆ ಲೀಟರ್, ನೀರು ಪೈಪಿನ ತುದಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ. 300 ಲೀಟರ್ ಕೊಡುವುದು ಎತ್ತುವ ಎತ್ತರವೇ ಇಲ್ಲದಿದ್ದಾಗ. ನಮ್ಮ ಕೆಲಸ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದು ಎಲ್ಲಿ ಎಂದು ಹೇಳುವುದು ತಯಾರಕರು ಕೊಡುವ ಹೆಡ್ ಮತ್ತು ಹರಿವಿನ ಕೋಷ್ಟಕ. ಆ ಕೋಷ್ಟಕ ತೋರಿಸಲಾಗದ ಪಂಪನ್ನು, ಎಷ್ಟೇ ಅಗ್ಗವಾಗಿದ್ದರೂ, ಬೇಸ್‌ಮೆಂಟಿಗೆ ತರಬೇಡಿ.

ನಮ್ಮ ಉದಾಹರಣೆಯಲ್ಲಿ ಗುಂಡಿಯ ಆಳ, ಬೇಸ್‌ಮೆಂಟಿನ ಎತ್ತರ, ಪೈಪು ರಸ್ತೆಯ ಮಟ್ಟದಿಂದ ಮೇಲೇರುವ ಭಾಗ ಎಲ್ಲ ಸೇರಿ ನೀರನ್ನು ಎತ್ತಬೇಕಾದ ಎತ್ತರ 5.5 ಮೀಟರ್. ಇದರ ಜತೆಗೆ ಪೈಪಿನೊಳಗೆ ನೀರು ಉಜ್ಜಿಕೊಂಡು ಹೋಗುವಾಗ ಕಳೆದುಕೊಳ್ಳುವ ಶಕ್ತಿಯೂ ಸೇರಬೇಕು. ಪ್ಲಂಬರ್ ಉಳಿಸುವ ಕಾಸು ನಿಮ್ಮನ್ನು ಕಾಡುವುದು ಇಲ್ಲೇ. ಪೈಪು, ಅದರ ತಿರುವಿಗೆ ಹಾಕುವ ಎಲ್ಬೋ ಎಲ್ಲ ಸೇರಿ 30 ಮೀಟರ್ ಪೈಪಿಗೆ ಸಮ ಎಂದುಕೊಂಡರೆ, ನಿಮಿಷಕ್ಕೆ 200 ಲೀಟರ್ ಹರಿವಿಗೆ ಎರಡಿಂಚಿನ ಪೈಪಿನಲ್ಲಿ ಸುಮಾರು 1.7 ಮೀಟರ್ ಹೆಡ್ ನಷ್ಟ. ಅದನ್ನೇ ಒಂದೂವರೆ ಇಂಚಿಗೆ ಇಳಿಸಿದರೆ ನಷ್ಟ ಸುಮಾರು 5 ಮೀಟರ್. ಅರ್ಧ ಇಂಚಿನ ಉಳಿತಾಯಕ್ಕೆ ಮೂರು ಪಟ್ಟು ನಷ್ಟ! ಪಂಪಿನ ಬಾಯಿ ಎಷ್ಟು ದೊಡ್ಡದೋ ಪೈಪು ಕನಿಷ್ಠ ಅಷ್ಟು ದೊಡ್ಡದಿರಲಿ, ಎಲ್ಬೋಗಳು ಆದಷ್ಟು ಕಡಿಮೆ ಇರಲಿ.

ಹೀಗೆ ಲೆಕ್ಕ ಮಾಡಿ, ವಾಲ್ವಿಗೂ ಒಂದಿಷ್ಟು ಸೇರಿಸಿ, ಅಂಗಡಿಯಲ್ಲಿ ಕೇಳಬೇಕಾದ ಮಾತು ಇಷ್ಟೇ: "8 ಮೀಟರ್ ಹೆಡ್‌ನಲ್ಲಿ ನಿಮಿಷಕ್ಕೆ 200 ಲೀಟರ್ ಕೊಡುವ, ಕೆಸರು ನೀರಿಗೆ ಆಗುವ ಸಬ್‌ಮರ್ಸಿಬಲ್ ಪಂಪ್ ಬೇಕು." ಎಚ್‌ಪಿ ತಾನಾಗಿ ಬರುತ್ತದೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ 1 ಎಚ್‌ಪಿ ಆಸುಪಾಸಿನದು ಸಾಕು. ತಾರಸಿಗೆ ನೀರೇರಿಸಲು ತಂದಿದ್ದ, 30 ಮೀಟರ್ ಹೆಡ್‌ನ ಹಳೆಯ ಪಂಪ್ ಮನೆಯಲ್ಲಿದೆ, ಅದನ್ನೇ ಹಾಕೋಣ ಎನ್ನುವವರಿದ್ದಾರೆ. ಅಷ್ಟು ಎತ್ತರಕ್ಕೆಂದು ಮಾಡಿದ ಪಂಪನ್ನು ಐದಾರು ಮೀಟರಿಗೆ ಓಡಿಸಿದರೆ ಅದು ಅಳತೆ ಮೀರಿ ನೀರು ತಳ್ಳಲು ಹೋಗಿ ಹೆಚ್ಚು ಕರೆಂಟ್ ಎಳೆಯುತ್ತದೆ, ಮೋಟಾರ್ ಬಿಸಿಯೇರುತ್ತದೆ.

ಸಬ್‌ಮರ್ಸಿಬಲ್, ಅಂದರೆ ನೀರಿನಲ್ಲಿ ಮುಳುಗಿಯೇ ಓಡುವ ಪಂಪ್, ಎಂದೇ ಒತ್ತಿ ಹೇಳುವುದಕ್ಕೂ ಕಾರಣವಿದೆ. ನೆಲದ ಮೇಲೆ ಕೂರುವ ಮೋನೋಬ್ಲಾಕ್ ಪಂಪ್ ಕೆಲಸ ಮಾಡಬೇಕಾದ ದಿನವೇ ಮುಳುಗುತ್ತದೆ. ಒಂದು ಅಡಿ ನೀರು ನಿಂತರೆ ಮೋಟಾರಿನೊಳಗೆ ನೀರು, ಅಲ್ಲಿಗೆ ಮುಗಿಯಿತು. ನೀರಿನೊಳಗೇ ಕೂರುವ ಪಂಪಿಗೆ ಆ ಭಯವಿಲ್ಲ. ಸುತ್ತಲಿನ ನೀರೇ ಅದರ ಮೋಟಾರನ್ನು ತಂಪಾಗಿಡುತ್ತದೆ, ಹಾಗಾಗಿ ನೀರಿಲ್ಲದೆ ಓಡಬಾರದು. ಎರಕದ ಕಬ್ಬಿಣದ ಮೈ ಇದ್ದರೆ ಶಾಖ ಬೇಗ ಹೊರಹೋಗುತ್ತದೆ. ಮಂಗಳೂರಿನಂತೆ ದಿನವಿಡೀ ಓಡಬೇಕಾದ ಕಡೆ ಪ್ಲಾಸ್ಟಿಕ್ ಮೈಯ ಹಗುರ ಪಂಪ್ ನಂಬಬೇಡಿ. ಮೋಟಾರಿನ ತಿರುಗುವ ದಂಡ (ಶಾಫ್ಟ್) ಹೊರಬರುವಲ್ಲಿ ನೀರು ತಡೆಯುವ ಎರಡು ಮೆಕ್ಯಾನಿಕಲ್ ಸೀಲ್‌ಗಳಿದ್ದು ನಡುವೆ ಎಣ್ಣೆ ಇರುವ ರಚನೆ ಒಳ್ಳೆಯದು, ಹೊರಗಿನ ಸೀಲ್ ಸವೆದರೂ ನೀರು ತಕ್ಷಣ ಮೋಟಾರಿಗೆ ಹೋಗುವುದಿಲ್ಲ. ಎಷ್ಟು ಮಿ.ಮೀ. ಗಾತ್ರದ ಕಸ ದಾಟಿ ಹೋಗಬಲ್ಲದು ಎಂಬುದನ್ನೂ ಕೇಳಿ. ಬರೀ ಒಸರು ನೀರಾದರೆ ಸಣ್ಣದು ಸಾಕು. ರ್‍ಯಾಂಪಿನಿಂದ ಎಲೆ, ಗುಟ್ಕಾ ಚೀಟಿ, ಮರಳು ಬರುವುದಾದರೆ ಕೊಳಚೆ ನೀರಿನ ಪಂಪೇ ಬೇಕು.

ಗುಂಡಿ, ಫ್ಲೋಟ್, ವಾಲ್ವ್

ಸಣ್ಣ ಗುಂಡಿಯಲ್ಲಿ ದೊಡ್ಡ ಪಂಪ್ ಕೂರಿಸಿದರೆ ಏನಾಗುತ್ತದೆ? ಒಂದು ನಿಮಿಷದಲ್ಲಿ ಗುಂಡಿ ಖಾಲಿ, ಪಂಪ್ ನಿಲ್ಲುತ್ತದೆ. ಇನ್ನೆರಡು ನಿಮಿಷಕ್ಕೆ ತುಂಬುತ್ತದೆ, ಪಂಪ್ ಮತ್ತೆ ಎದ್ದೇಳುತ್ತದೆ. ಪ್ರತಿ ಸಲ ಶುರುವಾಗುವಾಗ ಮೋಟಾರ್ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆ ಬಿಸಿ ಆರುವ ಮೊದಲೇ ಮತ್ತೆ ಶುರು. ಮೋಟಾರ್ ಸುಡುವುದು ಹೀಗೆ. ಗಂಟೆಗೆ ಎಷ್ಟು ಸಲ ಶುರುವಾಗಬಹುದು ಎಂದು ಕೈಪಿಡಿಯಲ್ಲಿರುತ್ತದೆ. ಹತ್ತು ಸಲ ಎಂದು ಹಿಡಿದರೆ, ಅಂದರೆ ಆರು ನಿಮಿಷಕ್ಕೊಮ್ಮೆ, ನಿಮಿಷಕ್ಕೆ 200 ಲೀಟರ್ ಎತ್ತುವ ಪಂಪಿಗೆ ಶುರುವಾಗುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ನಡುವೆ 300 ಲೀಟರ್ ನೀರಿಗೆ ಜಾಗ ಬೇಕು (ನಿಮಿಷಕ್ಕೆ 100 ಲೀಟರ್ ಒಳಬರುತ್ತಿದ್ದರೆ ಅದು ತುಂಬಲು ಮೂರು ನಿಮಿಷ, ಖಾಲಿಯಾಗಲು ಮೂರು ನಿಮಿಷ). ಮೀಟರಿಗೆ ಮೀಟರ್ ಗುಂಡಿಯಲ್ಲಿ ಅದು 30 ಸೆಂ.ಮೀ. ಅದಕ್ಕೆ ಪಂಪಿನ ಎತ್ತರ, ಕೆಳಗೆ ಹೂಳಿಗೆ ನಾಲ್ಕಿಂಚು, ಮೇಲೆ ಎಚ್ಚರಿಕೆಯ ಮಟ್ಟ ಸೇರಿಸಿದರೆ ಗುಂಡಿಯ ಆಳ ಒಂದು ಮೀಟರ್ ದಾಟುತ್ತದೆ. ಬಿಲ್ಡರ್ ಬಿಟ್ಟುಹೋದ ಎರಡಡಿಯ ಗುಂಡಿಗೆ ಯಾವ ಪಂಪ್ ತಂದರೂ ಬಾಳಿಕೆ ಬರುವುದಿಲ್ಲ.

ಪಂಪನ್ನು ನೇರ ತಳದಲ್ಲಿ ಇಡಬೇಡಿ. ಎರಡು ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ಕೂರಿಸಿ. ತುಕ್ಕು ಹಿಡಿಯದ ಸರಪಳಿ ಕಟ್ಟಿ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ರಿಪೇರಿಗೆ ಎತ್ತಲು ಯಾರೂ ಗುಂಡಿಗೆ ಇಳಿಯುವಂತಾಗಬಾರದು. ಕೊಳಚೆ ಸೇರುವ ಮುಚ್ಚಿದ ಗುಂಡಿಯಲ್ಲಿ ವಿಷಾನಿಲ ಇರಬಹುದು, ಮನುಷ್ಯರನ್ನು ಇಳಿಸುವುದು ಅವರ ಪ್ರಾಣದ ಜತೆ ಆಟ. ವೈರನ್ನು ಎಳೆದು ಪಂಪ್ ಎತ್ತುವುದಂತೂ ಕೂಡದು.

ಇನ್ನು ಫ್ಲೋಟ್. ವೈರಿನ ತುದಿಯಲ್ಲಿ ಜೋತಾಡುವ ಫ್ಲೋಟಿಗೆ ಸುತ್ತಲೂ ಓಲಾಡಲು ಜಾಗ ಬೇಕು. ನಮ್ಮಲ್ಲಿ ಸಿಕ್ಕಿಕೊಂಡದ್ದು ಅಂಥದೇ. ಗುಂಡಿ ಇಕ್ಕಟ್ಟಾಗಿದ್ದರೆ ಕಡ್ಡಿಯ ಮೇಲೆ ನೇರವಾಗಿ ಏರಿಳಿಯುವ ಫ್ಲೋಟ್ ಒಳ್ಳೆಯದು. ಏನೇ ಇದ್ದರೂ ಪಂಪಿನ ಫ್ಲೋಟಿಗಿಂತ ಒಂದು ಗೇಣು ಮೇಲೆ ಇನ್ನೊಂದು ಫ್ಲೋಟ್ ಇರಲಿ, ಪ್ರತ್ಯೇಕ ವೈರಿನಲ್ಲಿ. ಅದರ ಕೆಲಸ ಕಾವಲುಗಾರರ ಕೋಣೆಯಲ್ಲಿ ಬ್ಯಾಟರಿಯ ಗಂಟೆ ಬಾರಿಸುವುದು. ನನ್ನನ್ನು ಕೇಳಿದರೆ ಇಡೀ ಏರ್ಪಾಟಿನಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಫಲ ಕೊಡುವುದು ಈ ಗಂಟೆ. ಕಾರಿನ ಬಾಗಿಲಿನ ತನಕ ನೀರು ಬಂದ ಮೇಲೆ ತಿಳಿಯುವುದಕ್ಕೂ ಗುಂಡಿ ಉಕ್ಕುವ ಮೊದಲೇ ತಿಳಿಯುವುದಕ್ಕೂ ಬಹಳ ಅಂತರವಿದೆ.

ವಾಲ್ವಿನ ವಿಷಯವನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪಂಪಿನಿಂದ ಹೊರಟ ಪೈಪಿನಲ್ಲಿ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಇಲ್ಲದಿದ್ದರೆ ಪಂಪ್ ನಿಂತಾಗ ಪೈಪಿನ ನೀರೆಲ್ಲ ಗುಂಡಿಗೆ ಮರಳುತ್ತದೆ. ಎರಡಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಎರಡು ಲೀಟರ್, ಅಷ್ಟು ಹೋಗಲಿ ಎನ್ನಬಹುದು. ಆದರೆ ಪೈಪಿನ ಬಾಯಿ ರಸ್ತೆಯ ಚರಂಡಿಯೊಳಗೆ ಮುಳುಗಿದ್ದು, ಚರಂಡಿ ತುಂಬಿದ್ದಾಗ ಪಂಪ್ ನಿಂತರೆ? ಚರಂಡಿಯ ನೀರೇ ಅದೇ ಪೈಪಿನಲ್ಲಿ ಇಳಿದು ಬೇಸ್‌ಮೆಂಟಿಗೆ ಬರುತ್ತದೆ. ನೀರು ಹೊರಹಾಕಲು ಹಾಕಿಸಿದ ಪೈಪೇ ಒಳತರುವ ದಾರಿಯಾಗುತ್ತದೆ. ವಾಲ್ವ್ ಕೂಡ ಕಸ ಸಿಕ್ಕಿ ತೆರೆದೇ ಉಳಿಯಬಹುದು. ಆದ್ದರಿಂದ ಪೈಪನ್ನು ಆ ಬೀದಿಯಲ್ಲಿ ಹಿಂದೆ ನೀರು ನಿಂತ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ಅಲ್ಲಿಂದ ಬಾಗಿಸಿ ಕೆಳಗಿಳಿಸಿ, ಬಾಯಿಯನ್ನು ನೀರಿನ ಮಟ್ಟದ ಮೇಲೆ ತೆರೆದು ಬಿಡಿ. ಹಳೆಯ ಮನೆಯವರನ್ನು ಕೇಳಿದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ಮುಟ್ಟಿ ತೋರಿಸುತ್ತಾರೆ. ಈ ನೀರನ್ನು ಮಳೆನೀರಿನ ಚರಂಡಿಗೇ ಬಿಡಬೇಕು, ಜಲಮಂಡಳಿಯ ಒಳಚರಂಡಿಗಲ್ಲ. ಮಳೆ ಬಂದಾಗ ಮ್ಯಾನ್‌ಹೋಲ್‌ಗಳು ಉಕ್ಕುವುದಕ್ಕೆ ಹೀಗೆ ಸೇರಿಸಿದ ನೀರೂ ಒಂದು ಕಾರಣ. ಒಸರು ನೀರು ತಿಳಿಯಾಗಿದ್ದರೆ ಪರೀಕ್ಷೆ ಮಾಡಿಸಿ ಗಿಡಗಳಿಗೆ, ಕಾರು ತೊಳೆಯಲು ಬಳಸಬಹುದು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಅದನ್ನು ಸುಮ್ಮನೆ ಚೆಲ್ಲುವುದು ನೋಡಲಾಗುವುದಿಲ್ಲ.

ಕರೆಂಟ್

ಜೋರು ಮಳೆಗೂ ಕರೆಂಟ್ ಹೋಗುವುದಕ್ಕೂ ಇರುವ ನಂಟು ನಮಗೆಲ್ಲ ಗೊತ್ತು. ಪಂಪ್ ಬೇಕಾಗುವ ಗಂಟೆಯಲ್ಲೇ ಕರೆಂಟ್ ಇರುವುದಿಲ್ಲ. ಜನರೇಟರ್ ಇರುವ ಕಟ್ಟಡಗಳಲ್ಲಿ ಪಂಪಿನ ಲೈನ್ ಜನರೇಟರಿಗೆ ಸೇರಿದೆಯೇ ಎಂದು ನೋಡಿ. ಲಿಫ್ಟ್, ಮೆಟ್ಟಿಲ ದೀಪ ಮಾತ್ರ ಸೇರಿಸಿ ಇದನ್ನು ಮರೆತಿರುತ್ತಾರೆ. ಜನರೇಟರೂ ಮೀಟರ್ ಬೋರ್ಡೂ ಬೇಸ್‌ಮೆಂಟಿನಲ್ಲೇ ಇದ್ದರೆ ನೀರು ಬಂದಾಗ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಕನಿಷ್ಠ ಪಂಪಿನ ಪ್ಯಾನೆಲ್ಲಾದರೂ ಮೇಲಿನ ಮಹಡಿಗೆ ಬರಲಿ. ಮನೆಯ ಸಾಧಾರಣ ಯುಪಿಎಸ್‌ಗೆ 1 ಎಚ್‌ಪಿ ಪಂಪ್ ಸೇರಿಸುವ ಯೋಚನೆ ಬೇಡ, ಶುರುವಾಗುವಾಗಿನ ಎಳೆತಕ್ಕೇ ಅದು ಕೈಚೆಲ್ಲುತ್ತದೆ. ಅಮೆರಿಕದಲ್ಲಿ, ನಮ್ಮವರು ಬಹಳ ಮಂದಿ ಇರುವ ನ್ಯೂಜೆರ್ಸಿಯಂಥ ಕಡೆಗಳಲ್ಲಿ, ಮನೆಯ ಬೇಸ್‌ಮೆಂಟಿನ ಗುಂಡಿಯಲ್ಲಿ ಮುಖ್ಯ ಪಂಪಿನ ಪಕ್ಕ ಬ್ಯಾಟರಿಯಿಂದ ಓಡುವ ಸಣ್ಣ ಪಂಪ್ ಇಡುವುದು ರೂಢಿ. ಅಲ್ಲಿ ಗುಂಡಿಗೆ ಬರುವುದು ಹೆಚ್ಚಾಗಿ ನೆಲದಿಂದ ಸೋಸಿದ ನೀರು, ಅದಕ್ಕೆ ಅದು ಸಾಮಾನ್ಯವಾಗಿ ಸಾಲುತ್ತದೆ. ನಮ್ಮ ತೆರೆದ ರ್‍ಯಾಂಪಿನ ನೀರಿಗೆ ಸಾಲದು.

ಎರಡು ಪಂಪ್ ಇರಲೇಬೇಕು. ಒಂದು ದೊಡ್ಡದರ ಬದಲು ಒಂದೇ ಅಳತೆಯ ಎರಡು, ಸರದಿಯ ಮೇಲೆ ಓಡಿಸುವ ಪ್ಯಾನೆಲ್ ಜತೆಗೆ. ಒಂದೇ ಪಂಪಿಗೆ ನೀರು ತಗ್ಗದಿದ್ದರೆ ಎರಡನೆಯದೂ ತಾನಾಗಿ ಶುರುವಾಗಬೇಕು. ಸುಮ್ಮನೆ ಕೂತ ಪಂಪ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ, ಸರದಿ ಇದ್ದರೆ ಎರಡೂ ಚಾಲ್ತಿಯಲ್ಲಿರುತ್ತವೆ.

2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ದಿನದೊಳಗೆ 100 ಮಿ.ಮೀ. ಮೀರಿ ಮಳೆ ಬಂದಾಗ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ನೀರು ಹೊರಹಾಕಲು ಹೋದಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ 12 ವರ್ಷದ ಹುಡುಗ. ಇದನ್ನು ಓದಿದ ದಿನದಿಂದ ನಾನು ಯಾರಿಗೆ ಪಂಪಿನ ಬಗ್ಗೆ ಹೇಳಿದರೂ ಈ ಮಾತು ಹೇಳದೆ ಬಿಡುವುದಿಲ್ಲ: ಪಂಪಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್, ಇರಬೇಕು, ಅರ್ತಿಂಗ್ ಸರಿಯಿರಬೇಕು, ವೈರಿನ ಜೋಡಣೆ ಒಂದೂ ನೀರು ಮುಟ್ಟುವ ಕಡೆ ಇರಬಾರದು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ತೆಗೆಸುವವರಿದ್ದಾರೆ. ಅದು ಬೀಳುತ್ತಿರುವುದು ಎಲ್ಲೋ ಕರೆಂಟ್ ಸೋರುತ್ತಿರುವುದರಿಂದ, ಸರಿಮಾಡಬೇಕಾದದ್ದು ಆ ಸೋರಿಕೆಯನ್ನು. ಬೇಸ್‌ಮೆಂಟಿನಲ್ಲಿ ನೀರು ನಿಂತಿದ್ದರೆ ಮೇಲಿನಿಂದ ಕರೆಂಟ್ ತೆಗೆದ ಹೊರತು ಯಾರೂ ಕಾಲಿಡಬಾರದು. ಮೇಲೆ ತೆಗೆಯಲು ಸ್ವಿಚ್ ಇಲ್ಲದಿದ್ದರೆ ಬೆಸ್ಕಾಂಗೆ ಹೇಳಿ ತೆಗೆಸುವವರೆಗೆ ಕಾಯಬೇಕು, ಕಾರು ಮುಳುಗಿದರೆ ಮುಳುಗಲಿ. ಹಳೆಯ ಸೈಜುಗಲ್ಲಿನ ನೆಲಮಾಳಿಗೆ ತುಂಬಿದ್ದರೆ ನೀರನ್ನು ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಹೊರಗಿನ ನೆನೆದ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬಾಗಬಹುದು, ದಿನಕ್ಕಿಷ್ಟು ಎಂದು ತಗ್ಗಿಸುವುದು ಕ್ಷೇಮ.

ಇಷ್ಟೆಲ್ಲ ಕೂರಿಸಿದ ಮೇಲೂ ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಮಳೆಗೆ ಮೊದಲು, ಅರ್ಧ ದಿನದ ಕೆಲಸವೊಂದಿದೆ. ಕರೆಂಟ್ ತೆಗೆದು ಸರಪಳಿಯಿಂದ ಪಂಪ್ ಎತ್ತಿಸಿ, ಜಾಲರಿ ತೊಳೆಸಿ, ಉದ್ದ ಹಿಡಿಯ ಸಲಿಕೆಯಿಂದ ಮೇಲಿನಿಂದಲೇ ಹೂಳು ತೆಗೆಸಿ. ಪಂಪ್ ಮತ್ತೆ ಇಳಿಸಿ, ಟ್ಯಾಂಕಿನಿಂದ ಹೋಸ್ ಪೈಪ್ ಎಳೆದು ಗುಂಡಿ ತುಂಬಿಸಿ. ಸ್ವಿಚ್ ಒತ್ತಿ ಪಂಪ್ ಓಡಿಸಿ ನೋಡಿದರೆ ಸಾಲದು. ಫ್ಲೋಟ್ ತಾನಾಗಿ ಎದ್ದು ಪಂಪನ್ನು ಶುರು ಮಾಡುವುದನ್ನೂ, ತಗ್ಗಿದಾಗ ನಿಲ್ಲಿಸುವುದನ್ನೂ ಕಣ್ಣಾರೆ ನೋಡಬೇಕು. ಹೊರಗೆ ಪೈಪಿನ ಬಾಯಿಯ ಹತ್ತಿರ ಒಬ್ಬರು ನಿಂತು ನೀರಿನ ಧಾರೆ ಹೋದ ವರ್ಷದಷ್ಟೇ ದಪ್ಪವಿದೆಯೇ ಎಂದು ಹೇಳಲಿ. ಪಂಪ್ ನಿಂತ ಕೂಡಲೇ ಪೈಪಿಗೆ ಕಿವಿಗೊಡಿ, ನೀರು ಹಿಂದಕ್ಕೆ ಇಳಿಯುವ ಸದ್ದು ಕೇಳಿದರೆ ಎನ್‌ಆರ್‌ವಿಯಲ್ಲಿ ಕಸ ಸಿಕ್ಕಿದೆ. ಆಮೇಲೆ ಎರಡೂ ಪಂಪ್ ನಿಲ್ಲಿಸಿ ಗುಂಡಿ ತುಂಬಲು ಬಿಟ್ಟು, ಕಾವಲುಗಾರರ ಕೋಣೆಯಲ್ಲಿ ಗಂಟೆ ಬಾರಿಸುತ್ತದೆಯೇ ನೋಡಿ. ಗಂಟೆ ಕೇಳಿಸಿದ ಮೇಲೆ ಪಂಪುಗಳನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿ, ಎರಡನೆಯ ಪಂಪಿನ ಸರದಿ ಬರುವವರೆಗೆ ನೀರು ಬಿಡುತ್ತಲೇ ಇರಿ.